ತೊಗಲಿನಿಂದ ನೂಡಲ್ಸಿಗೆ: ಕೋಲ್ಕತ್ತದ ಚೀನಿ ವ್ಯಾಪಾರಿಗಳು

ಹುಬ್ಬಳ್ಳಿಯಿರಲಿ, ಮೈಸೂರಿರಲಿ, ಸಂಜೆಯಾದರೆ ಬೀದಿಗಿಳಿಯುವ ತಳ್ಳುಗಾಡಿಗಳ ಮೇಲೆ ದಪ್ಪಕ್ಷರದಲ್ಲಿ ‘ಹಕ್ಕಾ ನೂಡಲ್ಸ್’ ಎಂದು ಬರೆದಿರುತ್ತದೆ. ಹಕ್ಕಾ ಎನ್ನುವುದು ಅಡುಗೆಯ ಹೆಸರಲ್ಲ, ಒಂದು ಜನಸಮುದಾಯದ ಹೆಸರು. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಗುಡ್ಡಗಾಡಿನಲ್ಲಿ ನೆಲೆಸಿದ ಈ ಜನ ಉತ್ತರದಿಂದ ಶತಮಾನಗಳ ಕಾಲ ಸ್ವಲ್ಪಸ್ವಲ್ಪವಾಗಿ ವಲಸೆ ಬಂದವರು. ಅಲ್ಲಿ ಮೊದಲೇ ಇದ್ದವರು ಇವರನ್ನು ‘ಅತಿಥಿ ಮನೆತನದವರು’ ಎಂದು ಕರೆದರು. ಹಕ್ಕಾ ಎಂಬ ಮಾತಿನ ಅರ್ಥವೇ ಅದು. ಇವರಲ್ಲಿ ಕೆಲವರು ಹಡಗು ಹತ್ತಿ ಕಲ್ಕತ್ತಕ್ಕೆ ಬಂದರು. ಬೂಟು ಹೊಲಿದರು, ತೊಗಲು ಹದ ಮಾಡಿದರು, ಕೊನೆಗೆ ಬಾಣಲೆ ಹಿಡಿದರು. ನಮ್ಮ ತಳ್ಳುಗಾಡಿಯ ಮೇಲಿನ ಆ ಹೆಸರು ಚೀನಾದಿಂದ ನೇರವಾಗಿ ಬಂದದ್ದಲ್ಲ, ಕೋಲ್ಕತ್ತದ ಒಂದು ಕೇರಿಯಿಂದ ಬಂದದ್ದು.

ಇನ್ನೂರು ವರ್ಷಕ್ಕೂ ಮೀರಿದ ಈ ಚರಿತ್ರೆಯಲ್ಲಿ ಕೋಲ್ಕತ್ತದ ಚೀನೀಯರ ಕೈಯಲ್ಲಿ ಅಧಿಕಾರ ಇರಲಿಲ್ಲ, ಜಮೀನು ಇದ್ದದ್ದು ಕಡಿಮೆ, ಸರ್ಕಾರಿ ಕೆಲಸವಂತೂ ದೂರದ ಮಾತು. ಇದ್ದದ್ದು ಕಸುಬು ಮತ್ತು ಅಂಗಡಿ. ನಗರ ಬದಲಾದಾಗಲೆಲ್ಲ ಒಂದು ಬಾಗಿಲು ಮುಚ್ಚಿತು, ಅವರು ಇನ್ನೊಂದನ್ನು ತೆರೆದರು. ಆ ಬಾಗಿಲುಗಳು ಯಾವುವು, ಮುಚ್ಚಿದ್ದು ಯಾರು, ತೆರೆಯಲು ನೆರವಾದದ್ದು ಏನು ಎಂಬುದೇ ಈ ಲೇಖನದ ವಿಷಯ.

ಅಚಿಪುರದ ಸಕ್ಕರೆ

ಕೋಲ್ಕತ್ತದಿಂದ ಹೂಗ್ಲಿ ನದಿಯ ಗುಂಟ ಕೆಳಕ್ಕಿಳಿದು ಬಜ್‌ಬಜ್ ದಾಟಿದರೆ ಅಚಿಪುರ ಎಂಬ ಹಳ್ಳಿ ಸಿಗುತ್ತದೆ. ಟಾಂಗ್ ಅಚ್ಯೂ ಎಂಬ ಚೀನಿ ವರ್ತಕನಿಂದ ಬಂದ ಹೆಸರು ಅದು. 1780ರ ಆಸುಪಾಸಿನಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಇವನಿಗೆ 650 ಬಿಘಾ ಭೂಮಿಯನ್ನು ವರ್ಷಕ್ಕೆ 45 ರೂಪಾಯಿ ಗೇಣಿಗೆ ಕೊಟ್ಟ. ಅಚ್ಯೂ ತನ್ನ ದೇಶದಿಂದ ಕೆಲಸಗಾರರನ್ನು ಕರೆಸಿ ಕಬ್ಬು ಬೆಳೆಸಿದ, ಸಕ್ಕರೆ ಕಾರ್ಖಾನೆ ಹೂಡಿದ. ಆದರೆ ಆಳುಗಳು ನಿಲ್ಲಲಿಲ್ಲ. ಮಕಾವ್‌ನಿಂದ ಬರುವ ಹಡಗುಗಳನ್ನು ಬಿಟ್ಟು ಕಲ್ಕತ್ತದಲ್ಲಿ ಉಳಿದುಕೊಂಡ ಚೀನೀಯರು ತನ್ನ ಕೆಲಸಗಾರರನ್ನು ಪುಸಲಾಯಿಸಿ ಕರೆದೊಯ್ಯುತ್ತಿದ್ದಾರೆ ಎಂದು ಅವನು ಕಂಪನಿಗೆ ದೂರು ಕೊಟ್ಟ. ಆ ದೂರಿನಿಂದಲೇ ನಮಗೆ ಒಂದು ಸಂಗತಿ ತಿಳಿಯುತ್ತದೆ: ಅಚ್ಯೂ ಬರುವ ಹೊತ್ತಿಗೇ ಕಲ್ಕತ್ತದಲ್ಲಿ ಚೀನಿ ನಾವಿಕರೂ ಬಡಗಿಗಳೂ ಅಷ್ಟಿಷ್ಟು ನೆಲೆ ಕಂಡುಕೊಂಡಿದ್ದರು.

ಅಚ್ಯೂ ಕೆಲವೇ ವರ್ಷಗಳಲ್ಲಿ ತೀರಿಕೊಂಡ, ಕಾರ್ಖಾನೆಯೂ ಉಳಿಯಲಿಲ್ಲ. ಉಳಿದದ್ದು ನದಿಯ ದಂಡೆಯಲ್ಲಿ ಕುದುರೆ ಲಾಳದ ಆಕಾರದಲ್ಲಿ ಕಟ್ಟಿ ಕೆಂಪು ಬಳಿದ ಒಂದು ಸಮಾಧಿ, ಸ್ವಲ್ಪ ದೂರದಲ್ಲಿ ಒಂದು ಭೂದೇವರ ಗುಡಿ. ಗುಡಿಯ ದೇವ–ದೇವಿಯನ್ನು ಸುತ್ತಲಿನ ಬಂಗಾಳಿಗಳು ‘ಖುದಾ–ಖುದಿ’ ಎನ್ನುತ್ತಾರೆ. ಚೀನಿ ಹೊಸವರ್ಷದ ದಿನಗಳಲ್ಲಿ ಕೋಲ್ಕತ್ತದ ಚೀನಿ ಕುಟುಂಬಗಳು ಊದುಬತ್ತಿ, ಹಣ್ಣು, ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬರುತ್ತವೆ.

ಮುಂದೆ ಜನ ಹೆಚ್ಚಲು ಮುಖ್ಯ ಕಾರಣ ಹಡಗಿನ ದಾರಿ. ಬಂಗಾಳ, ಬಿಹಾರದ ಅಫೀಮು ಕಲ್ಕತ್ತದ ಬಂದರಿನಿಂದ ಚೀನಾಕ್ಕೆ ಹೋಗುತ್ತಿತ್ತು. ಅದೇ ಹಡಗುಗಳಲ್ಲಿ ಮರಳಿ ಜನ ಬರುತ್ತಿದ್ದರು. ಚೀನಾದೊಳಗಿನ ಬರ, ದಂಗೆ, ಯುದ್ಧಗಳು ಅವರನ್ನು ಹಿಂದಿನಿಂದ ನೂಕಿದವು. 1930ರ ದಶಕದಲ್ಲಿ ಜಪಾನ್ ದಾಳಿಯಿಟ್ಟ ಮೇಲಂತೂ ಗಂಡಸರಷ್ಟೇ ಅಲ್ಲ, ಹೆಂಡಿರು ಮಕ್ಕಳೂ ಬಂದರು. ದುಡಿದು ಊರಿಗೆ ಹಣ ಕಳಿಸುವ ಗಂಡಸರ ಬಿಡಾರವಾಗಿದ್ದ ಕೇರಿ ಸಂಸಾರದ ಕೇರಿಯಾದದ್ದು ಆಗ.

ಊರಿಗೊಂದು ಕಸುಬು

ಹೊರಗಿನವರ ಕಣ್ಣಿಗೆ ಎಲ್ಲರೂ ‘ಚೀನಾ ಜನ’. ಒಳಗೆ ನೋಡಿದರೆ ಬೇರೆ ಬೇರೆ ಊರು, ಬೇರೆ ಬೇರೆ ಮಾತು, ಊರಿಗೊಂದು ಕಸುಬು. ಕ್ಯಾಂಟನ್ ಕಡೆಯವರು ಬಡಗಿಗಳು. ಹಡಗುಕಟ್ಟೆಗಳಲ್ಲಿ ಮರಗೆಲಸ, ಬೋಬಜಾರಿನ ಅಂಗಡಿಗಳಲ್ಲಿ ಮೇಜು–ಕುರ್ಚಿ ಅವರ ಪಾಲು. ಹುಬೈ ಪ್ರಾಂತ್ಯದವರು ಹಲ್ಲು ಕಟ್ಟುವವರು. ಶಾಂಡಾಂಗ್‌ನಿಂದ ಬಂದ ಕೆಲವರು ಹೆಗಲ ಮೇಲೆ ರೇಷ್ಮೆಯ ಗಂಟು ಹೊತ್ತು ಮನೆಮನೆಗೆ ತಿರುಗಿದರು. ಹಕ್ಕಾಗಳದು ತೊಗಲು ಮತ್ತು ಬೂಟು.

ಕಸುಬು ಹೀಗೆ ಹಂಚಿಹೋದದ್ದಕ್ಕೆ ಕಾರಣ ಸರಳ. ಹೊಸದಾಗಿ ಬಂದವನಿಗೆ ಭಾಷೆ ಬಾರದು, ಸಾಲ ಕೊಡುವವರಿಲ್ಲ. ತನ್ನ ಊರಿನವನ ಅಂಗಡಿಯಲ್ಲಿ ಮಲಗಲು ಜಾಗ, ಎರಡು ಹೊತ್ತಿನ ಅನ್ನ ಸಿಕ್ಕಿದರೆ ಅಲ್ಲೇ ಕೆಲಸ ಕಲಿಯುತ್ತಾನೆ. ಐದಾರು ವರ್ಷ ಕಳೆದ ಮೇಲೆ ಪಕ್ಕದಲ್ಲೇ ತನ್ನದೊಂದು ಅಂಗಡಿ ಇಡುತ್ತಾನೆ, ಊರಿನಿಂದ ತಮ್ಮನನ್ನು ಕರೆಸುತ್ತಾನೆ. ಉಡುಪಿಯ ಕಡೆಯಿಂದ ಮುಂಬಯಿಗೆ ಹೋಗಿ ಹೋಟೆಲು ಕಟ್ಟಿದವರ ಕಥೆ ಗೊತ್ತಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ.

ಹಲ್ಲು ಕಟ್ಟುವವರ ಗತಿಯಲ್ಲಿ ಕಾನೂನಿನ ಕೈ ಸ್ಪಷ್ಟವಾಗಿ ಕಾಣುತ್ತದೆ. ಅಪ್ಪನಿಂದ ಮಗ ಕಲಿಯುತ್ತಿದ್ದ ವಿದ್ಯೆ ಅದು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದಂತವೈದ್ಯರ ಕಾಯ್ದೆ ಜಾರಿಗೆ ಬಂತು. ಪದವಿಯಿಲ್ಲದೆಯೂ ಆಗಲೇ ಈ ವೃತ್ತಿಯಲ್ಲಿದ್ದವರಿಗೆ ನೋಂದಣಿ ಪುಸ್ತಕದ ‘ಬಿ’ ಭಾಗದಲ್ಲಿ ಜಾಗ ಕೊಟ್ಟು, ಹೊಸಬರಿಗೆ ಪದವಿ ಕಡ್ಡಾಯ ಮಾಡಲಾಯಿತು. ರೋಗಿಯ ಹಿತದ ದೃಷ್ಟಿಯಿಂದ ಸರಿಯಾದ ಕಾನೂನೇ. ಅದರೊಂದಿಗೆ ಅಂಗಡಿಯಲ್ಲಿ ಕೂತು ಕಲಿಯುವ ಒಂದು ಪರಂಪರೆಯ ದಾರಿಯೂ ಮುಗಿಯಿತು. ಕೆಲವು ಮನೆಗಳ ಮಕ್ಕಳು ಕಾಲೇಜು ಸೇರಿ ಪದವೀಧರರಾದರು. ಉಳಿದವರು ಕಸುಬು ಬಿಟ್ಟರು.

ಬೂಟಿನ ಬೀದಿ ಬೆಂಟಿಂಕ್ ಸ್ಟ್ರೀಟ್. ಗಿರಾಕಿ ಕಾಗದದ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ಅಂಗಡಿಯವನು ಬಗ್ಗಿ ಕಾಲಿನ ಸುತ್ತ ಸೀಸದಕಡ್ಡಿ ಎಳೆಯುತ್ತಾನೆ, ಪಟ್ಟಿ ಸುತ್ತಿ ಮೀಗಾಲಿನ ಎತ್ತರ ಅಳೆಯುತ್ತಾನೆ, ಹೆಬ್ಬೆರಳ ಗಂಟು ಉಬ್ಬಿದ್ದರೆ ಕಾಗದದ ಮೇಲೆ ಗುರುತು ಹಾಕುತ್ತಾನೆ. ಆ ಅಳತೆಗೆ ಮರದ ಅಚ್ಚು, ಅಚ್ಚಿನ ಮೇಲೆ ತೊಗಲು. ಕೆಳಗೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ. 1930ರ ದಶಕದಲ್ಲಿ ನಗರದ ದಕ್ಷಿಣಕ್ಕೆ ಬಾಟಾನಗರ ಎದ್ದು ಯಂತ್ರದಿಂದ ಮಾಡಿದ ಅಗ್ಗದ ಬೂಟು ಬಂದಾಗಲೂ ಈ ಅಂಗಡಿಗಳು ಕೂಡಲೇ ಸಾಯಲಿಲ್ಲ. ಒಂದು ಕಾಲು ಇನ್ನೊಂದರಂತಿಲ್ಲದವರು, ಗಟ್ಟಿ ತೊಗಲು ಬೇಕೆನ್ನುವವರು ಇಲ್ಲಿಗೇ ಬರುತ್ತಿದ್ದರು. ಈಗ ಆ ಸಾಲಿನಲ್ಲಿ ಚೀನಿ ಹೆಸರಿನ ಫಲಕಗಳು ಬೆರಳೆಣಿಕೆಯಷ್ಟು.

ಟಿರೆಟ್ಟಾ ಬಜಾರಿನ ಬೆಳಗು

ಈ ಎಲ್ಲ ಊರಿನವರೂ ಕೂಡಿದ ಹಳೆಯ ಕೇರಿ ಮಧ್ಯ ಕೋಲ್ಕತ್ತದ ಟಿರೆಟ್ಟಾ ಬಜಾರ್. 18ನೆಯ ಶತಮಾನದ ಕೊನೆಯಲ್ಲಿ ನಗರದ ರಸ್ತೆ, ಕಟ್ಟಡಗಳ ಮೇಲ್ವಿಚಾರಕನಾಗಿದ್ದ ವೆನಿಸ್ ಕಡೆಯ ಎಡ್ವರ್ಡ್ ಟಿರೆಟ್ಟಾನ ಹೆಸರು ಅದಕ್ಕೆ. ಇಲ್ಲಿ ಚೀನಿ ಗುಡಿಗಳನ್ನು ‘ಚರ್ಚ್’ ಎನ್ನುತ್ತಾರೆ: ಸೀ ಇಪ್ ಚರ್ಚ್, ಟೂಂಗ್ ಆನ್ ಚರ್ಚ್, ನಾಮ್ ಸೂನ್ ಚರ್ಚ್. ಒಳಗಿರುವುದು ಯೇಸು ಅಲ್ಲ. ಕ್ವಾನ್ ಟಿ ಎಂಬ ಯುದ್ಧದೇವತೆ, ಕ್ವಾನ್ ಯಿನ್ ಎಂಬ ಕರುಣೆಯ ದೇವತೆ.

ಈ ಗುಡಿಗಳು ಪೂಜೆಯ ಜಾಗವಷ್ಟೇ ಆಗಿರಲಿಲ್ಲ. ಒಂದೊಂದು ಗುಡಿಯೂ ಒಂದೊಂದು ಊರಿನವರ ಸಂಘದ ಮನೆ. ಮೇಲಂತಸ್ತಿನಲ್ಲಿ ದೇವರು, ಕೆಳಗೆ ಮಹ್ಜಾಂಗ್ ಆಡುವ ಮೇಜು. ಹೊಸಬನಿಗೆ ತಂಗುದಾಣ, ಜಗಳ ಬಿದ್ದರೆ ಪಂಚಾಯಿತಿ, ಸತ್ತರೆ ಮಣ್ಣು ಮಾಡುವ ವ್ಯವಸ್ಥೆ ಎಲ್ಲ ಅಲ್ಲೇ. ಟೂಂಗ್ ಆನ್ ಗುಡಿಯ ಕೆಳಗೆ 1920ರ ದಶಕದಲ್ಲಿ ಶುರುವಾದ ನಾನ್‌ಕಿಂಗ್, ಭಾರತದ ಮೊದಮೊದಲ ಚೀನಿ ಹೋಟೆಲುಗಳಲ್ಲಿ ಒಂದು. ಒಂದು ಕಾಲದಲ್ಲಿ ನಗರದ ಸಿರಿವಂತರು ಅಲ್ಲಿ ಊಟಕ್ಕೆ ಬರುತ್ತಿದ್ದರು. ಅದು ಮುಚ್ಚಿ ದಶಕಗಳಾದವು.

ಇಂದಿಗೂ ಕೇರಿಯ ಉಸಿರು ಕಾಣಬೇಕಾದರೆ ಬೆಳಗಿನ ಆರಕ್ಕೆಲ್ಲ ಪೊದ್ದಾರ್ ಕೋರ್ಟ್ ಕಟ್ಟಡದ ಹಿಂದೆ, ಸುನ್ ಯಾತ್‌ಸೆನ್ ಸ್ಟ್ರೀಟಿನಲ್ಲಿ ಇರಬೇಕು. ಒಂದರ ಮೇಲೊಂದು ಪೇರಿಸಿದ ಹಬೆ ಪಾತ್ರೆಗಳ ಮುಚ್ಚಳ ತೆಗೆದಂತೆ ಬಿಳಿ ಹೊಗೆ ಏಳುತ್ತದೆ. ಹಂದಿಮಾಂಸ ತುಂಬಿದ ಬಾವ್, ತೆಳು ಹಿಟ್ಟಿನ ಸಿಯು ಮಾಯ್, ಮೀನುಂಡೆಯ ಸಾರು, ಮೊಮೊ, ಬಿಸಿಲಲ್ಲಿ ಒಣಗಿಸಿದ ಚೀನಿ ಸಾಸೇಜು. ಪಕ್ಕದಲ್ಲೇ ತರಕಾರಿಯವರು, ಮೀನಿನವರು. ಎಂಟು ಗಂಟೆ ದಾಟುತ್ತಿದ್ದಂತೆ ಪಾತ್ರೆಗಳು ಬರಿದಾಗುತ್ತವೆ, ಒಂಬತ್ತಕ್ಕೆ ಅದು ಕಚೇರಿಗೆ ಓಡುವವರ ಮಾಮೂಲಿ ರಸ್ತೆ. ಭಾನುವಾರ ಜನ ಹೆಚ್ಚು. ಕೂತು ತಿನ್ನಲು ಹೋಟೆಲಿಲ್ಲ. ನಿಂತೇ ತಿನ್ನಬೇಕು, ರಟ್ಟಿನ ತಟ್ಟೆಯಲ್ಲಿ. ಇತ್ತೀಚೆಗೆ ಮಾರುವವರಲ್ಲಿ ಚೀನಿ ಮುಖಗಳಿಗಿಂತ ಬಂಗಾಳಿ, ಬಿಹಾರಿ ಮುಖಗಳೇ ಹೆಚ್ಚುತ್ತಿವೆ. ತಿಂಡಿ ಕೈ ಬದಲಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ತನ್ನ ಅಜ್ಜಿ ಮಡಿಸುತ್ತಿದ್ದ ಹಾಗೆಯೇ ಬಾವ್‌ನ ಬಾಯಿ ಮಡಿಸುವ ಒಬ್ಬ ಹೆಂಗಸು ಇನ್ನೂ ಅಲ್ಲಿ ಕೂರುತ್ತಿರುವಾಗಲೇ ಹೋಗಿ ನೋಡಿ ಬರಬೇಕು ಎಂದು ಅನಿಸುತ್ತದೆ.

ಟ್ಯಾಂಗ್ರಾದ ಟ್ಯಾನರಿಗಳು

ಟ್ಯಾನರಿ ಎಂಬ ಮಾತು ನಮಗೆ ಬೆಂಗಳೂರಿನ ಟ್ಯಾನರಿ ರಸ್ತೆಯಿಂದಲೇ ಪರಿಚಿತ. ಕೋಲ್ಕತ್ತದಲ್ಲಿ ಆ ಕಸುಬಿನ ಜಾಗ ಟ್ಯಾಂಗ್ರಾ. ಹಳೆಯ ಚೀನೀಯರು ಧಾಪಾ ಎಂದೂ ಕರೆಯುತ್ತಾರೆ. ನಗರದ ಪೂರ್ವದ ಅಂಚು, ಕೊಳಚೆ ನೀರಿನ ಕಾಲುವೆಗಳು ಜೌಗಿಗೆ ಸೇರುವ ತಾಣ, ಕಸದ ಗುಡ್ಡಗಳ ನೆರೆ. ಯಾರಿಗೂ ಬೇಡವಾಗಿದ್ದ ಆ ತಗ್ಗು ನೆಲಕ್ಕೆ 1910ರ ಹೊತ್ತಿಗೆ ಹಕ್ಕಾಗಳು ಬಂದರು. ತೊಗಲಿನ ಕೆಲಸಕ್ಕೆ ಬೇಕಾದದ್ದು ನೀರು, ನೀರು ಬಿಡಲು ಕಾಲುವೆ, ವಾಸನೆಗೆ ತಕರಾರು ಮಾಡದ ನೆರೆಹೊರೆ. ಮೂರೂ ಅಲ್ಲಿದ್ದವು.

ತೊಗಲನ್ನೇ ಏಕೆ ಹಿಡಿದರು? ಇದಕ್ಕೆ ಉತ್ತರ ನಮ್ಮ ಜಾತಿಪದ್ಧತಿಯಲ್ಲಿದೆ, ಅದನ್ನು ಮರೆಮಾಚದೆ ಹೇಳಬೇಕು. ಸತ್ತ ಪ್ರಾಣಿಯ ಚರ್ಮ ಮುಟ್ಟುವುದು ಮೈಲಿಗೆ ಎಂದು ಸವರ್ಣ ಹಿಂದೂಗಳು ಆ ಕೆಲಸವನ್ನು ಕೆಲವೇ ಜಾತಿಗಳ ತಲೆಗೆ ಕಟ್ಟಿದ್ದರು. ಆ ಜಾತಿಗಳಿಗೆ ಬಂಡವಾಳ ಸಿಗದಂತೆಯೂ ನೋಡಿಕೊಂಡಿದ್ದರು. ಬಂಡವಾಳವಿದ್ದವನು ಮುಟ್ಟುವುದಿಲ್ಲ, ಮುಟ್ಟುವವನಿಗೆ ಬಂಡವಾಳವಿಲ್ಲ. ಈ ನಡುವಿನ ತೆರವಿನಲ್ಲಿ ಹಕ್ಕಾಗಳು ನಿಂತರು. ಅವರಿಗೆ ಚರ್ಮ ಬರೀ ಚರ್ಮವಾಗಿತ್ತು. ಹಸಿ ತೊಗಲು ಮುಸ್ಲಿಂ ವ್ಯಾಪಾರಿಗಳಿಂದ ಬರುತ್ತಿತ್ತು, ಹೊಂಡಕ್ಕಿಳಿದು ದುಡಿಯುವವರು ಹೆಚ್ಚಾಗಿ ಬಿಹಾರದ ದಲಿತರು, ಮಾಲೀಕರು ಚೀನೀಯರು. ಮಾಲೀಕರ ಶ್ರಮದ ಕಥೆ ಹೇಳುವಾಗ ಆ ದಲಿತ ಕಾರ್ಮಿಕರ ಕೈಕಾಲು ತಿಂದ ಸುಣ್ಣವನ್ನೂ ನೆನೆಯಬೇಕು. ಟ್ಯಾಂಗ್ರಾ ಕಟ್ಟಿದವರಲ್ಲಿ ಅವರೂ ಇದ್ದಾರೆ.

ಕೆಲಸದ ಕ್ರಮ ಹೀಗೆ. ಉಪ್ಪು ಹಾಕಿ ತಂದ ತೊಗಲನ್ನು ನೀರಿನಲ್ಲಿ ನೆನೆಸಿ ಉಪ್ಪು, ರಕ್ತ, ಮಣ್ಣು ಬಿಡಿಸುತ್ತಾರೆ. ಸುಣ್ಣದ ಹೊಂಡದಲ್ಲಿ ಕೆಲವು ದಿನ ಇಟ್ಟರೆ ಕೂದಲು ಸಡಿಲವಾಗುತ್ತದೆ. ಕೂದಲು, ಒಳಬದಿಯ ಮಾಂಸ ಕೆರೆದು ತೆಗೆಯುತ್ತಾರೆ. ಆಮೇಲೆ ಆಳೆತ್ತರಕ್ಕೂ ಮೀರಿದ ಮರದ ಪೀಪಾಯಿಗಳಲ್ಲಿ ಕ್ರೋಮ್ ಲವಣದ ದ್ರಾವಣ ಹಾಕಿ ಗಂಟೆಗಟ್ಟಲೆ ತಿರುಗಿಸುತ್ತಾರೆ. ಹೊರಬರುವ ತೊಗಲು ತಿಳಿನೀಲಿ. ಅದನ್ನು ಹಿಂಡಿ, ಸೀಳಿ, ದಪ್ಪ ಸಮ ಮಾಡಿ, ಬಣ್ಣ–ಎಣ್ಣೆ ಕುಡಿಸಿ, ಹಿಗ್ಗಿಸಿ ಒಣಗಿಸಿದರೆ ಬೂಟಿನ ಅಂಗಡಿಗೆ ಹೋಗುವ ಮಾಲು. ಮರದ ತೊಗಟೆಯಲ್ಲಿ ವಾರಗಟ್ಟಲೆ ಹದ ಮಾಡುವ ಹಳೆಯ ಕ್ರಮಕ್ಕಿಂತ ಕ್ರೋಮ್ ವೇಗದ್ದು. ಆದರೆ ಹೊಂಡದಿಂದ ಹೊರಬಿಡುವ ನೀರು ವಿಷ.

ಅಮೆರಿಕದ ಮಾನವಶಾಸ್ತ್ರಜ್ಞೆ ಎಲೆನ್ ಆಕ್ಸ್‌ಫೆಲ್ಡ್ 1980ರ ದಶಕದಲ್ಲಿ ಈ ಕೇರಿಯಲ್ಲಿದ್ದು ಅಧ್ಯಯನ ಮಾಡಿ, 1993ರಲ್ಲಿ ‘ಬ್ಲಡ್, ಸ್ವೆಟ್ ಅಂಡ್ ಮಹ್ಜಾಂಗ್’ ಎಂಬ ಪುಸ್ತಕ ಬರೆದರು. ಟ್ಯಾನರಿ ಮತ್ತು ಸಂಸಾರ ಹೇಗೆ ಒಂದರೊಳಗೊಂದು ಹೆಣೆದುಕೊಂಡಿದ್ದವು ಎಂಬುದನ್ನು ಅದರಷ್ಟು ಚೆನ್ನಾಗಿ ತೋರಿಸಿದ ಬರಹ ಕಡಿಮೆ. ಎತ್ತರದ ಗೋಡೆಯೊಳಗೆ ಕಾರ್ಖಾನೆ, ಅದರ ಒತ್ತಿಗೇ ವಾಸದ ಕೋಣೆಗಳು. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ವ್ಯವಹಾರ ಬೇರೆ ಮಾಡಿಕೊಂಡರೂ ಕಟ್ಟಡ ಅದೇ. ಯಂತ್ರವಿಲ್ಲದವನು ಯಂತ್ರವಿದ್ದವನಿಂದ ಬಾಡಿಗೆಗೆ ಪಡೆದು ಕೆಲಸ ಮುಗಿಸುತ್ತಿದ್ದ. ಬ್ಯಾಂಕಿನ ಸಾಲ ಸಿಗದವರಿಗೆ ಆಸರೆಯಾದದ್ದು ಚೀಟಿ. ನಮ್ಮಲ್ಲಿ ಹತ್ತು ಮನೆಯವರು ಸೇರಿ ತಿಂಗಳಿಗಿಷ್ಟು ಎಂದು ಹಾಕಿ, ಸರದಿಯ ಮೇಲೆ ಎತ್ತುವ ಚೀಟಿಯ ಹಾಗೆಯೇ. ಹೆಣ್ಣುಮಕ್ಕಳು ಲೆಕ್ಕ ಬರೆದರು, ಕೂಲಿ ಬಟವಾಡೆ ನೋಡಿದರು, ತೊಗಲಿನ ಅಂಚು ಕತ್ತರಿಸಿದರು. ಎರಡು ಮಹಾಯುದ್ಧಗಳ ಕಾಲದಲ್ಲಿ ಸೈನ್ಯದ ಬೂಟಿಗೆ, ಪಟ್ಟಿಗೆ ತೊಗಲು ಬೇಕಾದಾಗ ಕೇರಿ ಬೆಳೆಯಿತು.

1962: ಅಂಗಡಿಯವನು ಶತ್ರುವಾದ ವರ್ಷ

1962ರ ಅಕ್ಟೋಬರ್ 20ರಂದು ಭಾರತ–ಚೀನಾ ಯುದ್ಧ ಶುರುವಾಯಿತು. ಒಂದು ತಿಂಗಳಲ್ಲಿ ನಿಂತಿತು. ಚೀನಿ ಮೂಲದ ಭಾರತೀಯರಿಗೆ ಅದು ದಶಕಗಳ ಕಾಲ ನಡೆಯಿತು. ಆ ವರ್ಷದ ಕಾನೂನೊಂದರ ಪ್ರಕಾರ ತಂದೆ, ತಾಯಿ ಅಥವಾ ಅಜ್ಜ–ಅಜ್ಜಿಯರಲ್ಲಿ ಒಬ್ಬರು ಶತ್ರುದೇಶದ ಪ್ರಜೆಯಾಗಿದ್ದರೂ ಸಾಕು, ಇಲ್ಲಿ ಹುಟ್ಟಿ ಬೆಳೆದವನನ್ನೂ ವಿದೇಶೀಯನಂತೆ ಕಾಣಬಹುದಿತ್ತು. ಅಸ್ಸಾಂ, ಶಿಲಾಂಗ್, ಡಾರ್ಜಿಲಿಂಗ್, ಕಾಲಿಂಪಾಂಗ್ ಕಡೆಯಿಂದ ಸುಮಾರು 3,000 ಜನರನ್ನು, ಮುದುಕರು ಮಕ್ಕಳೆನ್ನದೆ, ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಳಿಯ ಶಿಬಿರದಲ್ಲಿಟ್ಟರು. ಕೆಲವರು ಅಲ್ಲಿ ನಾಲ್ಕೈದು ವರ್ಷ ಕಳೆದರು. ಬಿಡುಗಡೆಯಾಗಿ ಬಂದಾಗ ಅನೇಕರ ಅಂಗಡಿ, ಮನೆ ಹರಾಜಾಗಿದ್ದವು.

ಕೋಲ್ಕತ್ತದವರು ಹೆಚ್ಚಿನಂಶ ತಮ್ಮ ಮನೆಗಳಲ್ಲೇ ಉಳಿದರು, ಆದರೆ ಕಾಲಿಗೆ ಹಗ್ಗ ಬಿತ್ತು. ನಗರ ಬಿಟ್ಟು ಹೋಗಲು ಪೊಲೀಸರ ಅಪ್ಪಣೆ, ವರ್ಷ ವರ್ಷ ಪರವಾನಗಿಯ ನವೀಕರಣ, ಪೌರತ್ವದ ಅರ್ಜಿಗೆ ಉತ್ತರವಿಲ್ಲದ ಕಾಯುವಿಕೆ. ವ್ಯಾಪಾರಿಗೆ ಇದರ ಪೆಟ್ಟು ಬೇರೆ ಬಗೆಯದು. ಮಾಲು ನೋಡಲು ಪರವೂರಿಗೆ ಹೋಗುವಂತಿಲ್ಲ. ಹಣಕಾಸಿನ ಆಸರೆಯಾಗಿದ್ದ ಬ್ಯಾಂಕ್ ಆಫ್ ಚೈನಾದ ಕಲ್ಕತ್ತ ಶಾಖೆಯೂ ಮುಚ್ಚಿತು. ಉದ್ದರಿ ಕೊಡುತ್ತಿದ್ದವರು ಕೈ ಹಿಂದೆಗೆದರು. ಯಾವ ದಿನ ಏನಾಗುವುದೋ ಎಂಬ ಭಯದಲ್ಲಿ ಯಾರು ಹೊಸ ಯಂತ್ರ ಕೊಳ್ಳುತ್ತಾರೆ?

1967ರಲ್ಲಿ ಕೆನಡಾ ತನ್ನ ವಲಸೆ ನಿಯಮಗಳನ್ನು ಬದಲಿಸಿ ವಿದ್ಯೆ, ಕೌಶಲ ನೋಡಿ ಜನರನ್ನು ಕರೆಯತೊಡಗಿತು. ಟ್ಯಾಂಗ್ರಾದ ಮನೆಗಳಿಂದ ಮೊದಲು ಒಬ್ಬ ಮಗ, ಆಮೇಲೆ ಅವನ ಅಕ್ಕತಂಗಿಯರು ಟೊರಾಂಟೊ ಹಾದಿ ಹಿಡಿದರು. ಸ್ವಾತಂತ್ರ್ಯದ ನಂತರದ ವರ್ಷಗಳಲ್ಲಿ ನಗರದಲ್ಲಿ ಸುಮಾರು 20,000 ಚೀನೀಯರಿದ್ದರು ಎನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಈಗ ಎರಡು ಸಾವಿರದ ಆಸುಪಾಸು. ದೇವಳಿಯಲ್ಲಿ ಬಾಲ್ಯ ಕಳೆದವರು ಇಂದು ಕೆನಡಾದಲ್ಲಿ ಮುದುಕರಾಗಿದ್ದಾರೆ. ಅವರು ಕೇಳುತ್ತಿರುವುದು ಹಣವಲ್ಲ, ಭಾರತ ಸರ್ಕಾರದ ಕ್ಷಮೆಯ ಒಂದು ಮಾತು. ಆ ಮಾತು ಅವರು ಬದುಕಿರುವಾಗಲೇ ಬರಬೇಕು.

ಸುಪ್ರೀಂ ಕೋರ್ಟಿನ ತೀರ್ಪು

ಟ್ಯಾನರಿಗಳು ಈ ಪೆಟ್ಟನ್ನೂ ತಾಳಿಕೊಂಡವು. ಮುಂದಿನದು ಬೇರೆ ದಿಕ್ಕಿನಿಂದ ಬಂತು. ಗಂಗೆಯ ಮಾಲಿನ್ಯದ ಕುರಿತು ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟು ಟ್ಯಾಂಗ್ರಾ, ತಿಲಜಲಾ, ಟೊಪ್ಸಿಯಾ, ಪಾಗ್ಲಾಡಾಂಗಾಗಳ ಸುಮಾರು 550 ಟ್ಯಾನರಿಗಳನ್ನು ನಗರದಿಂದ ಹೊರಗೆ ಸಾಗಿಸಬೇಕೆಂದು ಆದೇಶಿಸಿತು. ನೀರು ಶುದ್ಧ ಮಾಡುವ ಸಾಮೂಹಿಕ ಘಟಕ ಕಟ್ಟಲು ಆ ಇಕ್ಕಟ್ಟಿನ ಕೇರಿಗಳಲ್ಲಿ ಜಾಗವಿರಲಿಲ್ಲ. ಹೊಸ ಜಾಗ ಪೂರ್ವಕ್ಕೆ, ಬಾಂತಲಾದಲ್ಲಿ, 1,100 ಎಕರೆಯಷ್ಟು ವಿಸ್ತಾರದ ಚರ್ಮೋದ್ಯಮ ಸಂಕೀರ್ಣ.

ತೀರ್ಪಿನಲ್ಲಿ ಅನ್ಯಾಯವಿತ್ತು ಎನ್ನಲಾರೆ. ಕ್ರೋಮ್ ಬೆರೆತ ನೀರು ಹರಿದು ಹೋಗುತ್ತಿದ್ದದ್ದು ಮೀನು ಸಾಕುವ ಜೌಗುಕೆರೆಗಳ ಕಡೆಗೆ, ಊರಿಗೆ ತರಕಾರಿ ಬೆಳೆಯುವ ಹೊಲಗಳ ಕಡೆಗೆ. ಆದರೆ ಟ್ಯಾಂಗ್ರಾದಲ್ಲಿ ಕಾರ್ಖಾನೆಯೆಂದರೆ ಮನೆ. ದೊಡ್ಡ ಮಾಲೀಕ ಬಾಂತಲಾದಲ್ಲಿ ನಿವೇಶನ ಕೊಂಡು, ಹೊಸ ಯಂತ್ರ ಹೂಡಿ, ದಿನಾ ಹೋಗಿ ಬರಬಹುದು. ಅಣ್ಣನ ಶೆಡ್ಡಿನ ಮೂಲೆಯಲ್ಲಿ ಬಾಡಿಗೆ ಪೀಪಾಯಿ ತಿರುಗಿಸಿ ಬದುಕುತ್ತಿದ್ದ ತಮ್ಮ ಏನು ಮಾಡಬೇಕು? ಸಾಗಾಟ ವರ್ಷಗಟ್ಟಲೆ ಎಳೆಯಿತು. ಕೆಲವರು ಹೋದರು, ಹಲವರು ಕಸುಬು ಬಿಟ್ಟರು, ಇನ್ನೂ ಹಲವರು ದೇಶವನ್ನೇ ಬಿಟ್ಟರು.

ಅಷ್ಟರಲ್ಲಿ ನಗರವೂ ಟ್ಯಾಂಗ್ರಾದ ಬಾಗಿಲಿಗೆ ಬಂದಿತ್ತು. 1980ರ ದಶಕದಲ್ಲಿ ಪೂರ್ವದ ಬೈಪಾಸ್ ರಸ್ತೆ ಬಂದ ಮೇಲೆ ಹಿಂದೆ ಯಾರಿಗೂ ಬೇಡವಾಗಿದ್ದ ಆ ತಗ್ಗು ನೆಲಕ್ಕೆ ಬೆಲೆ ಏರಿತು. ಟ್ಯಾನರಿಯ ಗೋಡೆಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು.

ಬಾಣಲೆ ಹಿಡಿದ ಕೈ

ಖಾಲಿಯಾದ ಕೆಲವು ಶೆಡ್ಡುಗಳಲ್ಲಿ ಮೇಜು–ಕುರ್ಚಿ ಬಂತು. ಹೋಟೆಲುಗಳು ಹಿಂದೆಯೂ ಇದ್ದವು. ತೊಗಲು ಕೊಳ್ಳಲು ಬಂದವರಿಗೆ, ಗೆಳೆಯರಿಗೆ ಬಡಿಸುತ್ತ ಬೆಳೆದವು. ತೀರ್ಪಿನ ನಂತರ ಅದೇ ಮುಖ್ಯ ಕಸುಬಾಯಿತು. ಬೀಜಿಂಗ್, ಬಿಗ್ ಬಾಸ್, ಗೋಲ್ಡನ್ ಜಾಯ್ ಮುಂತಾದ ಹೆಸರುಗಳು ಬಂಗಾಳಿ ಮಧ್ಯಮವರ್ಗದ ಭಾನುವಾರದ ಊಟದ ವಿಳಾಸಗಳಾದವು. ಎತ್ತರದ ಗೋಡೆ, ಕಬ್ಬಿಣದ ದೊಡ್ಡ ಗೇಟು, ವಿಶಾಲ ಹಜಾರ: ಕಾರ್ಖಾನೆಯ ಮೈಕಟ್ಟು ಹಲವು ಹೋಟೆಲುಗಳಲ್ಲಿ ಇಂದಿಗೂ ಎದ್ದು ಕಾಣುತ್ತದೆ. ಇವುಗಳಲ್ಲಿ ಕೆಲವನ್ನು ಕಟ್ಟಿ ಹೆಸರಾದ ಮೋನಿಕಾ ಲಿಯು, ದೇವಳಿ ಶಿಬಿರದಲ್ಲಿ ಬಾಲ್ಯ ಕಳೆದವರು. ಅವರು ಹೋಟೆಲಿಗೆ ಕೈಹಾಕುವ ಮೊದಲು ಬ್ಯೂಟಿ ಪಾರ್ಲರ್ ನಡೆಸಿದ್ದರು. ಕೋಲ್ಕತ್ತದಲ್ಲಿ ಚೀನಿ ಹೆಂಗಸರು ತಮ್ಮ ಹೆಸರಿನಲ್ಲೇ ಅಂಗಡಿ ಇಟ್ಟ ಕಸುಬು ಅದು. ಕೂದಲು ಕತ್ತರಿಸುವುದರಲ್ಲಿ ಅವರ ಕೈಗುಣಕ್ಕೆ ನಗರದ ತುಂಬ ಹೆಸರಿತ್ತು.

ಟ್ಯಾಂಗ್ರಾದ ಅಡುಗೆ ಚೀನಾದ ಅಡುಗೆಯಲ್ಲ, ಬಂಗಾಳದ ಅಡುಗೆಯೂ ಅಲ್ಲ. ಹಕ್ಕಾ ಮನೆಗಳಲ್ಲಿ ಉಪ್ಪಿನಲ್ಲಿ ಹಾಕಿದ ಸೊಪ್ಪು, ಹಂದಿಯ ಕೊಬ್ಬು, ಸೋಯಾ ಹೆಚ್ಚು. ಗಿರಾಕಿಗೆ ಬೇಕಾದದ್ದು ಖಾರ, ಗೊಜ್ಜು, ಅನ್ನಕ್ಕೆ ಕಲಸಲು ಬರುವಂಥದ್ದು. ಅಡುಗೆಯವನು ಹಸಿಮೆಣಸಿನಕಾಯಿ ಸೀಳಿ ಹಾಕಿದ, ಬೆಳ್ಳುಳ್ಳಿ ಹೆಚ್ಚಿಸಿದ, ಕೋಳಿಯನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ, ಅದೇ ಹಿಟ್ಟನ್ನು ನೀರಲ್ಲಿ ಕದಡಿ ಸುರಿದು ಸಾಸು ಗಟ್ಟಿ ಮಾಡಿದ. ಚಿಲ್ಲಿ ಚಿಕನ್ ಆಯಿತು.

ಮಂಚೂರಿಯನ್ನಿನ ಕಥೆಯೂ ಇದೇ ನಗರಕ್ಕೆ ತಾಗುತ್ತದೆ. ಕಲ್ಕತ್ತದಲ್ಲಿ ಹುಟ್ಟಿ ಮುಂಬಯಿಗೆ ಹೋದ ನೆಲ್ಸನ್ ವಾಂಗ್ 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಪ್ರಚಲಿತ ಕಥೆ. ಕೋಳಿಯ ಜಾಗದಲ್ಲಿ ಹೂಕೋಸು ಬಂದದ್ದೇ ನಮ್ಮ ಗೋಬಿ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿದ್ದವು. ಒಂದು ತಿನಿಸು ಒಂದು ರಾಜ್ಯದ ಆರೋಗ್ಯ ಇಲಾಖೆಯ ತಲೆನೋವಾಗುವಷ್ಟು ಮನೆಮಾತಾಗಿದೆ. ಅದರ ಹಿಂದಿರುವ ಜನರ ಹೆಸರು ಮಾತ್ರ ತಿನ್ನುವವರಲ್ಲಿ ಹೆಚ್ಚಿನವರಿಗೆ ತಿಳಿಯದು.

2020ರ ಜೂನ್‌ನಲ್ಲಿ ಗಲ್ವಾನ್ ಘರ್ಷಣೆಯಾದಾಗ ಕೇಂದ್ರದ ಸಚಿವರೊಬ್ಬರು ಚೀನಿ ತಿನಿಸು ಮಾರುವ ಹೋಟೆಲುಗಳನ್ನೇ ನಿಷೇಧಿಸಬೇಕು ಎಂದರು. ಟ್ಯಾಂಗ್ರಾದ ಚೀನಿ ಮೂಲದವರು ಭಾರತೀಯ ಸೇನೆಗೆ ಬೆಂಬಲ ಸೂಚಿಸುವ ಫಲಕ ಹಿಡಿದು ರಸ್ತೆಗಿಳಿದರು. ಮೂರು ನಾಲ್ಕು ತಲೆಮಾರು ಇಲ್ಲೇ ಬಾಳಿದವರು ತಮ್ಮ ನಿಷ್ಠೆಯನ್ನು ಫಲಕದ ಮೇಲೆ ಬರೆದು ತೋರಿಸಬೇಕಾಗಿ ಬಂದದ್ದು ನೋಯಿಸುವ ಸಂಗತಿ.

ಹಸಿರು ಸಾಸಿನ ಬಾಟಲಿ

ಟಿರೆಟ್ಟಾ ಬಜಾರಿನ ಆಸುಪಾಸಿನಲ್ಲಿ ಬೆಳೆದ ಎರಡು ಸಾಸು ತಯಾರಕರು ಬದಲಾದ ನಗರದಲ್ಲೂ ಗಟ್ಟಿಯಾಗಿ ನಿಂತಿದ್ದಾರೆ: ಸಿಂಗ್ ಚ್ಯೂಂಗ್, ಮತ್ತು 1958ರಲ್ಲಿ ಶುರುವಾದ ಪೌ ಚಾಂಗ್. ಚೀನಿ ಮನೆಗಳಿಗೂ ಹೋಟೆಲುಗಳಿಗೂ ಸೋಯಾ ಸಾಸು ಬೇಕಿತ್ತು; ಅಲ್ಲಿಂದ ಆರಂಭ. ಮುಂದೆ ಪೌ ಚಾಂಗ್‌ಗೆ ಹೆಸರು ತಂದದ್ದು ಹಸಿಮೆಣಸಿನಕಾಯಿಯ ಹಸಿರು ಸಾಸು. ಕೋಲ್ಕತ್ತದ ರೋಲ್ ಅಂಗಡಿ, ಚೌಮಿನ್ ಗಾಡಿಗಳಲ್ಲಿ ತೆಳು ಹಸಿರು ಸಾಸಿನ ಬಾಟಲಿ ಇಲ್ಲದ ಮೇಜಿಲ್ಲ. ತೊಗಲು, ಬೂಟು, ಮರಗೆಲಸ ಸೋತಲ್ಲಿ ಇದು ಗೆದ್ದದ್ದೇಕೆ ಎಂದರೆ, ಇದರ ಗಿರಾಕಿ ಚೀನಿ ಕೇರಿಯೊಳಗೆ ಉಳಿಯಲಿಲ್ಲ. ಸಾಸು ಬಂಗಾಳಿಯ ಅಡುಗೆಮನೆಗೂ ನಡೆಯಿತು. ಜೊತೆಗೆ, ಓದಿದ ಹೊಸ ತಲೆಮಾರು ವಿದೇಶಕ್ಕೆ ಹೋಗದೆ ಅಂಗಡಿಗೇ ಮರಳಿ ಕೂತಿತು.

ಈಗ

ಚೀನಿ ಭಾಷೆಯ ಶಾಲೆಗೆ ಮಕ್ಕಳಿಲ್ಲ. 1969ರಿಂದ ಟ್ಯಾಂಗ್ರಾದಿಂದ ಹೊರಡುತ್ತಿದ್ದ ಸಿಯಾಂಗ್ ಪೌ ಎಂಬ ಪುಟ್ಟ ಚೀನಿ ಪತ್ರಿಕೆ ಕೊರೋನಾ ಕಾಲದಲ್ಲಿ ನಿಂತುಹೋಯಿತು. ಹೋಟೆಲುಗಳ ಬಾಣಲೆಯ ಮುಂದೆ ಈಗ ಹೆಚ್ಚಾಗಿ ನೇಪಾಳಿ, ಬಂಗಾಳಿ ಹುಡುಗರು. ಕೈರುಚಿ ಅವರಿಗೆ ಬಂದಿದೆ, ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ವಯಸ್ಸಾದ ಮಾಲೀಕರು.

ಟ್ಯಾಂಗ್ರಾದ ಮಾಥೇಶ್ವರತಲಾ ರಸ್ತೆಯಲ್ಲಿ ಚೀನಿ ಕಾಳಿಯ ಗುಡಿಯಿದೆ. ಮರದಡಿಯ ಕುಂಕುಮ ಬಳಿದ ಕಲ್ಲುಗಳಿಗೆ ಹರಕೆ ಹೊತ್ತಾಗ ಕಾಯಿಲೆಯ ಮಗುವೊಂದು ಗುಣವಾಯಿತೆಂದು ಚೀನಿ ಕುಟುಂಬಗಳೇ ಹಣ ಕೂಡಿಸಿ ಕಟ್ಟಿಸಿದ ಗುಡಿ ಅದು. ಪೂಜೆ ಮಾಡುವವರು ಬಂಗಾಳಿ ಬ್ರಾಹ್ಮಣರು. ಕಾಳಿಗೆ ನೂಡಲ್ಸು, ಚಾಪ್ ಸೂಯಿ ನೈವೇದ್ಯ, ಪ್ರಸಾದವೂ ಅದೇ.

ಟೊರಾಂಟೊದಲ್ಲಿ ‘ಹಕ್ಕಾ’ ಎಂದು ಫಲಕ ಹಾಕಿದ ಹೋಟೆಲುಗಳು ಹಲವಾರು. ಒಳಗೆ ಹೋದರೆ ಸಿಗುವುದು ಚಿಲ್ಲಿ ಚಿಕನ್, ಮಂಚೂರಿಯನ್. ತಿನ್ನಲು ಬರುವವರಲ್ಲಿ ಭಾರತದಿಂದ ಹೋದವರೇ ಹೆಚ್ಚು. ಹೊಸವರ್ಷಕ್ಕೆ ಅಲ್ಲಿಂದ ಕೆಲವರು ಕೋಲ್ಕತ್ತಕ್ಕೆ ಬರುತ್ತಾರೆ. ಮಾರಿಹೋದ ಟ್ಯಾನರಿಯ ಗೇಟಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆಮೇಲೊಂದು ದಿನ ಬಜ್‌ಬಜ್ ದಾರಿಯಾಗಿ ಅಚಿಪುರಕ್ಕೆ ಹೋಗಿ, ಆ ಕೆಂಪು ಸಮಾಧಿಯ ಮುಂದೆ ಊದುಬತ್ತಿ ಹಚ್ಚಿ, ಕೋಲ್ಕತ್ತದ ಅಂಗಡಿಯಿಂದ ಕಟ್ಟಿಸಿ ತಂದ ಬುತ್ತಿ ಬಿಚ್ಚುತ್ತಾರೆ.